ಫಾಕ್ನರ್ ಓದಿದವರು ಚದುರಂಗರನ್ನು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಕೆ.ಆರ್. ನಗರ ತಾಲ್ಲೂಕಿನವಳು. ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಅಮೆರಿಕದ ವಿಲಿಯಂ ಫಾಕ್ನರ್ ತನ್ನ ಊರಿನ ಸುತ್ತಲಿನ ನೆಲವೊಂದನ್ನೇ ಹಿಡಿದು, ಅಲ್ಲಿನ ಜಮೀನ್ದಾರರು, ಕರಿಯರು, ಬಡ ಬಿಳಿಯರನ್ನೆಲ್ಲ ಕಾದಂಬರಿಯೊಳಗೆ ತಂದ ಎಂದು ಪಾಠದಲ್ಲಿ ಬಂತು. ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಬದುಕನ್ನು ಹಾಗೆ ಬರೆದವರು ಇದ್ದಾರೆಯೇ? ನಮ್ಮ ಮೇಷ್ಟ್ರು ಚದುರಂಗರ ಹೆಸರು ಹೇಳಿದರು. ಆದರೆ ಅವರು ಅರಸು ಮನೆತನದವರಂತೆ. ಅಂಥವರು ಕೇರಿಯ ಬದುಕನ್ನು ಬರೆದರೆ ನಂಬಬಹುದೇ? ಯಾವ ಪುಸ್ತಕದಿಂದ ಶುರು ಮಾಡಲಿ?

ಉತ್ತರ: ನಿಮ್ಮ ಮೇಷ್ಟ್ರು ಸರಿಯಾದ ಹೆಸರನ್ನೇ ಹೇಳಿದ್ದಾರೆ. ನಿಮ್ಮ ಪಕ್ಕದ ತಾಲ್ಲೂಕಿನಲ್ಲೇ ಹುಟ್ಟಿದ, ಕನ್ನಡದ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬರಾದ ಚದುರಂಗರನ್ನು ಇಂದಿನ ವಿದ್ಯಾರ್ಥಿಗಳು ಫಾಕ್ನರ್ ಮೂಲಕವಾದರೂ ಕೇಳಿ ಬರುತ್ತಿದ್ದಾರಲ್ಲ, ನನಗೆ ನಿಜವಾಗಿ ಸಂತೋಷವಾಯಿತು. ನಂಬಬಹುದೇ ಎಂಬ ನಿಮ್ಮ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೂರರಲ್ಲಿ ಅದೇ ಮುಖ್ಯವಾದದ್ದು.

ಚದುರಂಗ ಎಂಬುದು ಕಾವ್ಯನಾಮ. ಹೆಸರು ಎಂ. ಸುಬ್ರಹ್ಮಣ್ಯರಾಜ ಅರಸು. ಹುಟ್ಟಿದ್ದು 1916ರ ಜನವರಿ 1ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಕಲ್ಲಹಳ್ಳಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಡಿ. ದೇವರಾಜ ಅರಸು. ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಅಂದರೆ ಒಂದೇ ಹಳ್ಳಿಗೆ ಸೇರಿದ, ಒಂದೇ ಸಮುದಾಯದ ಇಬ್ಬರು, ಐದು ತಿಂಗಳೂ ಅಂತರವಿಲ್ಲದೆ ಹುಟ್ಟಿದವರು. ಒಬ್ಬರು ವಿಜ್ಞಾನದಲ್ಲಿ ಪದವಿ ಪಡೆದು ಊರಿಗೆ ಬಂದು ಬೇಸಾಯಕ್ಕೆ ನಿಂತು, ಆಮೇಲೆ ರಾಜಕೀಯಕ್ಕೆ ಹೋಗಿ, ಗೇಣಿದಾರನ ಹೆಸರಿಗೆ ಭೂಮಿ ಬರೆಸಿದ ಕಾನೂನು ತಂದರು. ಇನ್ನೊಬ್ಬರು ಅದೇ ನೆಲದ ಒಡೆಯ ಮತ್ತು ಆಳಿನ ಸಂಬಂಧವನ್ನು ಕಾದಂಬರಿಯಾಗಿ ಬರೆದರು. ಎರಡೂ ಕೆಲಸ ಒಂದೇ ಕಾಲದಲ್ಲಿ ನಡೆದದ್ದನ್ನು ನಾನು ಕಾಕತಾಳೀಯ ಎಂದುಕೊಂಡಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಮೈಸೂರು ರಾಜಮನೆತನದೊಂದಿಗೆ ಬಂಧುತ್ವವಿದ್ದ ಸಮುದಾಯ ಅರಸರದು. ಹಾಗೆಂದು ಎಲ್ಲರೂ ಅರಮನೆಯ ಒಳಗೇ ಇದ್ದರು ಎಂದುಕೊಳ್ಳಬೇಡಿ. ಎಷ್ಟೋ ಅರಸು ಮನೆಗಳು ಹಳ್ಳಿಯಲ್ಲಿ ರಾಗಿ, ಹುರುಳಿ ಬೆಳೆದುಕೊಂಡೇ ಬದುಕಿದವು. ಬಡತನವಿದ್ದರೂ ಊರಿನಲ್ಲಿ ಮರ್ಯಾದೆ ದೊಡ್ಡದು. ಬುದ್ಧಿಯೋರು ಎಂದು ಕರೆಸಿಕೊಳ್ಳುವ ಮನೆ, ಅಂಗಳದಾಚೆ ನಿಂತು ಮಾತಾಡುವ ಆಳು ಎಂಬ ವ್ಯವಸ್ಥೆ. ಸುಬ್ರಹ್ಮಣ್ಯರಾಜ ಅರಸು ಓದಿದ್ದು ಮೈಸೂರಿನ ರಾಯಲ್ ಸ್ಕೂಲಿನಲ್ಲಿ, ಅರಮನೆಯ ಬಂಧುಬಳಗದ ಮಕ್ಕಳಿಗಾಗಿಯೇ ಇದ್ದ ಶಾಲೆಯಲ್ಲಿ. ಮುಂದಿನ ಓದು ಬೆಂಗಳೂರಿನಲ್ಲಿ. ಎಂ.ಎ. ಮತ್ತು ಕಾನೂನು ಓದಲು ಪುಣೆಗೆ ಹೋಗಿ ಅರ್ಧಕ್ಕೇ ಬಿಟ್ಟು ಬಂದರು. ಗಾಂಧೀಜಿಯ ವಿಚಾರ, ಎಂ.ಎನ್. ರಾಯ್ ಅವರ ವಿಚಾರ ಎರಡೂ ಆ ವಯಸ್ಸಿನಲ್ಲೇ ತಲೆಗೆ ಹೋದವು. ಅರಸೊತ್ತಿಗೆಯ ನೆರಳಿನಲ್ಲೇ ಬೆಳೆದ ಹುಡುಗ ಅರಸೊತ್ತಿಗೆಗೇ ಎದುರಾದ. ಕೊನೆತನಕ ಮೈಸೂರಿನಲ್ಲೇ ಬಾಳಿದರು, 1998ರಲ್ಲಿ ತೀರಿಕೊಂಡರು.

ಇಲ್ಲಿ ನಿಮ್ಮ ಫಾಕ್ನರ್ ನೆನಪಾಗುವುದು ಸಹಜ. ಅವನೂ ಹಳೆಯ ಮನೆತನದವನು. ಮುತ್ತಜ್ಜ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯದ ಕರ್ನಲ್, ಸ್ವತಃ ಕಾದಂಬರಿ ಬರೆದವನು. ಮಿಸಿಸಿಪಿಯ ಲಫಾಯೆಟ್ ಕೌಂಟಿಯನ್ನೇ ಯೋಕ್ನಪಟಾಫ ಎಂಬ ಕಲ್ಪಿತ ಹೆಸರಿನಿಂದ ಬರೆದವನು ಫಾಕ್ನರ್. 1942ರ ‘ಗೋ ಡೌನ್, ಮೋಸಸ್’ ಪುಸ್ತಕದಲ್ಲಿ ಐಸಾಕ್ ಮೆಕ್ಯಾಸ್ಲಿನ್ ಎಂಬ ಹುಡುಗ ತನ್ನ ಮನೆಯ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವಿಹಾಕುತ್ತಾನೆ. ಅಜ್ಜ ತನ್ನ ಗುಲಾಮ ಹೆಣ್ಣಿಗೆ ಏನು ಮಾಡಿದ ಎಂಬುದು ಆ ಲೆಕ್ಕದ ಸಾಲುಗಳಲ್ಲೇ ಗೊತ್ತಾಗುತ್ತದೆ. ಇಪ್ಪತ್ತೊಂದು ತುಂಬಿದಾಗ ತನಗೆ ಬರಬೇಕಾದ ಜಮೀನು ಬೇಡವೆಂದು ಬಿಟ್ಟುಬಿಡುತ್ತಾನೆ. ಹುಟ್ಟಿನಿಂದ ಬಂದ ಹಕ್ಕು ಯಾರ ಬೆನ್ನ ಮೇಲೆ ನಿಂತಿದೆ ಎಂದು ತಿಳಿದವನು ಮುಂದೇನು ಮಾಡಬೇಕು? ಇದು ಫಾಕ್ನರ್‌ನ ಪ್ರಶ್ನೆ ಹೇಗೋ ಹಾಗೆ ಚದುರಂಗರ ಪ್ರಶ್ನೆಯೂ ಹೌದು. ಆದರೆ ಚದುರಂಗರು ಅದನ್ನು ನೇರವಾಗಿ ಕೇಳಿಕೊಳ್ಳಲು ತುಂಬ ಕಾಲ ತೆಗೆದುಕೊಂಡರು. ಆ ಕಾಲವೇ ಅವರ ಸಾಹಿತ್ಯದ ಕಥೆ ಎನ್ನಬಹುದು.

ಅವರು ಬರೆಯಲು ಬಂದದ್ದು ಪ್ರಗತಿಶೀಲ ಚಳವಳಿಯ ದಿನಗಳಲ್ಲಿ. 1936ರಲ್ಲಿ ಲಖನೌನಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಪ್ರಗತಿಶೀಲ ಲೇಖಕರು ಸೇರಿದ ಮೇಲೆ ಆ ಗಾಳಿ ಎಲ್ಲ ಭಾಷೆಗಳಿಗೂ ಬೀಸಿತು. ಕನ್ನಡದಲ್ಲಿ ಅ.ನ. ಕೃಷ್ಣರಾಯರು ಮುಂದೆ ನಿಂತರು. ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಅವರ ಜೊತೆಗೆ ಹೇಳುವ ಹೆಸರು ಚದುರಂಗರದು. ಆದರೆ ಒಂದು ವ್ಯತ್ಯಾಸವಿದೆ. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಚದುರಂಗರ ಕಾದಂಬರಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು: 1950ರಲ್ಲಿ ‘ಸರ್ವಮಂಗಳಾ’, 1960ರಲ್ಲಿ ‘ಉಯ್ಯಾಲೆ’, 1981ರಲ್ಲಿ ‘ವೈಶಾಖ’, ಆಮೇಲೆ ‘ಹೆಜ್ಜಾಲ’. ಒಂದರಿಂದ ಎರಡಕ್ಕೆ ಹತ್ತು ವರ್ಷ, ಎರಡರಿಂದ ಮೂರಕ್ಕೆ ಇಪ್ಪತ್ತೊಂದು. ಪ್ರಗತಿಶೀಲರು ಜನಕ್ಕೆ ಬೇಗ ಮುಟ್ಟಬೇಕೆಂದು ಅವಸರದಲ್ಲಿ ಬರೆದವರು. ಅವರ ನಡುವೆ ಇಷ್ಟು ತಡೆದು ಬರೆದವರು ವಿರಳ.

‘ಸರ್ವಮಂಗಳಾ’ ಪ್ರೀತಿಸಿದವನಿಗೂ ತಾಳಿ ಕಟ್ಟಿದವನಿಗೂ ನಡುವೆ ಸಿಕ್ಕ ಹೆಣ್ಣಿನ ದುರಂತ. ಆ ಕಾಲದ ಓದುಗರು ಅತ್ತುಕೊಂಡು ಓದಿದ ಪುಸ್ತಕ. ಇವತ್ತು ಓದಿದರೆ ಭಾವುಕತೆ ಹೆಚ್ಚಾಯಿತು ಎನಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಹೆಣ್ಣಿನ ಮನಸ್ಸನ್ನು ಕೇಳದೆ ಮದುವೆ ಮುಗಿಸುವ ಮನೆಗಳ ಮೇಲೆ ಅದರಲ್ಲಿರುವ ಸಿಟ್ಟು ಇನ್ನೂ ಆರಿಲ್ಲ. 1968ರಲ್ಲಿ ಚದುರಂಗರೇ ಅದನ್ನು ಸಿನಿಮಾ ಮಾಡಿ ನಿರ್ದೇಶಿಸಿದರು. ರಾಜ್‌ಕುಮಾರ್ ಮತ್ತು ಕಲ್ಪನಾ ನಟಿಸಿದರು. ಫಾಕ್ನರ್ ಕೂಡ ಹಾಲಿವುಡ್‌ನಲ್ಲಿ ಚಿತ್ರಕಥೆ ಬರೆದವನು. ಆದರೆ ಅವನಿಗೆ ಅದು ಮನೆಯ ಖರ್ಚಿಗಾಗಿ ಮಾಡಿದ ಕೆಲಸ. ಚದುರಂಗರು ಸಿನಿಮಾವನ್ನು ತಮ್ಮದೇ ಮಾಧ್ಯಮ ಎಂದು ಪ್ರೀತಿಸಿ ಹೋದವರು.

‘ಉಯ್ಯಾಲೆ’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗಂಡ ಪುಸ್ತಕದಲ್ಲಿ ಮುಳುಗಿದ ಪ್ರಾಧ್ಯಾಪಕ. ಕೆಟ್ಟವನಲ್ಲ, ಹೊಡೆಯುವವನಲ್ಲ, ಕುಡಿಯುವವನಲ್ಲ. ಹೆಂಡತಿ ರಾಧೆ ಅದೇ ಮನೆಯಲ್ಲಿ ಉಸಿರಾಡುತ್ತಿದ್ದಾಳೆ ಎಂಬುದೇ ಅವನಿಗೆ ನೆನಪಿರುವುದಿಲ್ಲ. ಅಂಥ ಮನೆಗೆ ಕೃಷ್ಣೇಗೌಡ ಎಂಬವನು ಬರುತ್ತಾನೆ. ರಾಧೆಯನ್ನು ಅವನು ಗಮನಿಸುತ್ತಾನೆ, ಮಾತಾಡಿಸುತ್ತಾನೆ. ಅಷ್ಟೇ. ಆ ಅಷ್ಟರಿಂದಲೇ ಅವಳ ಮನಸ್ಸು ತೂಗತೊಡಗುತ್ತದೆ. ಕಾದಂಬರಿ ಯಾರನ್ನೂ ಅಪರಾಧಿ ಮಾಡುವುದಿಲ್ಲ. ರಾಧೆ ತಪ್ಪಿದಳೋ ಇಲ್ಲವೋ ಎಂದು ಊರು ಕೇಳುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಅವಳಿಗೆ ಏನಾಗುತ್ತಿದೆ ಎಂದು ಕೇಳುತ್ತದೆ. ಅದೇ ಮೈಸೂರಿನಲ್ಲಿ, ಅದೇ ವರ್ಷಗಳಲ್ಲಿ ತ್ರಿವೇಣಿಯವರು ಮಧ್ಯಮವರ್ಗದ ಹೆಣ್ಣಿನ ಒಳಮನಸ್ಸನ್ನು ಬರೆಯುತ್ತಿದ್ದರು. ‘ಉಯ್ಯಾಲೆ’ಯನ್ನು ಅವರ ಕಾದಂಬರಿಗಳ ಜೊತೆಯಲ್ಲಿಟ್ಟು ಓದಿದರೆ, ಗಂಡಸೊಬ್ಬ ಬರೆದದ್ದೂ ಆ ಸಾಲಿನಲ್ಲಿ ತಲೆಯೆತ್ತಿ ನಿಲ್ಲುವುದು ಕಾಣುತ್ತದೆ.

‘ಉಯ್ಯಾಲೆ’ಯೂ 1969ರಲ್ಲಿ ಸಿನಿಮಾ ಆಯಿತು. ‘ನಾಂದಿ’ ಮಾಡಿದ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಕರು. ಕೃಷ್ಣೇಗೌಡನಾಗಿ ರಾಜ್‌ಕುಮಾರ್. ಆಗಲೇ ನಾಡಿನ ಮನೆಮನೆಯ ಆರಾಧ್ಯ ನಟರಾಗಿದ್ದವರು ಇನ್ನೊಬ್ಬನ ಹೆಂಡತಿಯತ್ತ ಮನಸೋಲುವ ಪಾತ್ರವನ್ನು ಒಪ್ಪಿಕೊಂಡರು. ಅವರು ಕಥೆಯನ್ನು ಎಷ್ಟು ನಂಬಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಿನಿಮಾ ಸಿಕ್ಕರೆ ನೋಡಿ, ಆದರೆ ಕಾದಂಬರಿ ಓದಿದ ಮೇಲೆ ನೋಡಿ.

ಈ ಎರಡೂ ಪುಸ್ತಕಗಳಲ್ಲಿ ನೀವು ಕೇಳುವ ಹುಣಸೂರು ಇನ್ನೂ ಪೂರ್ತಿ ಬಂದಿಲ್ಲ. ಜನ ಹೆಚ್ಚುಕಡಿಮೆ ಓದುಬರಹ ಬಲ್ಲ ಮನೆಗಳವರು, ಮಾತೂ ಹೆಚ್ಚಾಗಿ ಅಂಥ ಮನೆಗಳದು. ಹಳ್ಳಿಯ ಬಡವರು ಬಂದದ್ದು ಅವರ ಸಣ್ಣಕಥೆಗಳಲ್ಲಿ. ‘ಸ್ವಪ್ನಸುಂದರಿ’, ‘ಶವದ ಮನೆ’, ‘ಇಣುಕುನೋಟ’, ‘ಬಂಗಾರದ ಗೆಜ್ಜೆ’, ‘ಮೀನಿನ ಹೆಜ್ಜೆ’ ಅವರ ಕಥಾಸಂಕಲನಗಳು. ‘ನಾಲ್ಕು ಮೊಳ ಭೂಮಿ’ ಎಂಬ ಕಥೆಯನ್ನು ಮಾತ್ರ ಬಿಡಬೇಡಿ. ‘ಕುಮಾರರಾಮ’, ‘ಇಲಿಬೋನು’ ಎಂಬ ನಾಟಕಗಳನ್ನೂ ಬರೆದಿದ್ದಾರೆ. ಅವುಗಳನ್ನು ಆಮೇಲೆ ಓದಿದರೂ ನಡೆಯುತ್ತದೆ.

ಆ ಇಪ್ಪತ್ತೊಂದು ವರ್ಷದಲ್ಲಿ ಏನಾಯಿತು? ಸಾಹಿತ್ಯದಲ್ಲಿ ನವ್ಯ ಬಂತು. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂತು. ಸಮಾಜದ ತಪ್ಪನ್ನು ಹೊರಗಿನಿಂದ ತೋರಿಸಿದರೆ ಸಾಲದು, ಮನುಷ್ಯನ ಒಳಗೆ ಇಳಿಯಬೇಕು ಎಂಬ ಒತ್ತಾಯ ಅದು. ನೆಲದಲ್ಲಿ ಇನ್ನೂ ದೊಡ್ಡದು ನಡೆಯಿತು. 1972ರಲ್ಲಿ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾದರು. 1974ರ ಮಾರ್ಚ್‌ನಿಂದ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಮಾತು ತಾಲ್ಲೂಕು ಕಚೇರಿಗಳಲ್ಲಿ, ಭೂನ್ಯಾಯಮಂಡಳಿಯ ಮುಂದೆ ಅರ್ಜಿಯಾಗಿ ನಿಂತಿತು. ಜೀತದ ವಿರುದ್ಧ ಕಾನೂನು ಬಂತು. ಹಾವನೂರು ಆಯೋಗ ಹಿಂದುಳಿದವರ ಲೆಕ್ಕ ಮುಂದಿಟ್ಟಿತು. 1973ರ ನವೆಂಬರ್‌ನಲ್ಲಿ ಅದೇ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಾಟೆ ಎದ್ದಿತು, ಅವರು ರಾಜೀನಾಮೆ ಕೊಡಬೇಕಾಯಿತು. ಆ ಕಿಡಿಯಿಂದಲೇ ದಲಿತ ಹುಡುಗರ ಒಂದು ತಲೆಮಾರು ಬರೆಯಲು, ಸಂಘಟನೆ ಕಟ್ಟಲು ಹೊರಟಿತು. ಇದೆಲ್ಲ ನಡೆದದ್ದು ಚದುರಂಗರ ಕಣ್ಣೆದುರಿಗೆ, ಕೆಲವಂತೂ ಅವರ ಊರಿನಲ್ಲೇ, ಅವರದೇ ಹಳ್ಳಿಯವರ ಆಡಳಿತದಲ್ಲಿ. ಆಗ ಅವರ ವಯಸ್ಸು ಅರವತ್ತರ ಹತ್ತಿರ. ಆ ವಯಸ್ಸಿನಲ್ಲಿ ಹೆಚ್ಚಿನ ಲೇಖಕರು ತಮ್ಮ ಹಳೆಯ ದಾರಿಯಲ್ಲೇ ನಡೆಯುತ್ತಾರೆ. ಚದುರಂಗರು ಬರೆಯುವ ರೀತಿಯನ್ನೇ ಬದಲಿಸಿಕೊಂಡರು.

‘ವೈಶಾಖ’ ಆ ಬದಲಾವಣೆಯ ಫಲ. 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ಅದೇ ವರ್ಷ ಜೂನ್‌ನಲ್ಲಿ ದೇವರಾಜ ಅರಸು ತೀರಿಕೊಂಡರು. ಕಾದಂಬರಿಯಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿ ಇಡಿಯಾಗಿ ಇದೆ. ಅಗ್ರಹಾರದ ಮನೆ, ಒಕ್ಕಲಿನ ಮನೆ, ಹೊಲಗೇರಿ. ಬೇಸಾಯ, ಹಬ್ಬ, ಹರಕೆ, ಹಾಡು, ಸಾವು. ನಡುವೆ ರುಕ್ಮಿಣಿ ಎಂಬ ಎಳೆಯ ವಿಧವೆ, ಬ್ರಾಹ್ಮಣರ ಮನೆಯವಳು. ಮತ್ತೊಂದು ಕಡೆ ಲಕ್ಕ, ಹೊಲೆಯರ ಹುಡುಗ. ಅವರಿಬ್ಬರ ನಡುವೆ ಹುಟ್ಟುವ ಸಂಬಂಧ, ಅದನ್ನು ಊರು ಹೇಗೆ ತಾಳಿಕೊಳ್ಳಲಾರದೆ ಹೋಗುತ್ತದೆ ಎಂಬುದು ಕಥೆಯ ಬೆನ್ನೆಲುಬು. ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ, ನೀವೇ ಓದಬೇಕು.

ಪಠ್ಯದಲ್ಲಿ ಫಾಕ್ನರ್‌ನ 1932ರ ‘ಲೈಟ್ ಇನ್ ಆಗಸ್ಟ್’ ಇದ್ದರೆ, ಎರಡನ್ನೂ ಒಟ್ಟಿಗೆ ಓದಿ. ಎರಡರ ಹೆಸರಿನಲ್ಲೂ ಬಿಸಿಲಿನ ತಿಂಗಳಿದೆ. ಜೋ ಕ್ರಿಸ್ಮಸ್ ಅನಾಥಾಲಯದಲ್ಲಿ ಬೆಳೆದವನು. ತನ್ನ ಮೈಯಲ್ಲಿ ಹರಿಯುವುದು ಬಿಳಿಯರ ರಕ್ತವೋ ಕರಿಯರದೋ ಅವನಿಗೇ ಗೊತ್ತಿಲ್ಲ. ಊರ ಹೊರಗೆ ಒಂಟಿಯಾಗಿರುವ ಜೊವಾನ್ನಾ ಬರ್ಡನ್ ಎಂಬ ಬಿಳಿಯ ಹೆಂಗಸಿಗೂ ಅವನಿಗೂ ಸಂಬಂಧ ಬೆಳೆಯುತ್ತದೆ. ಅವಳ ಕೊಲೆಯಾಗುತ್ತದೆ, ಕೊನೆಗೆ ಅವನನ್ನೂ ಅಟ್ಟಿಸಿಕೊಂಡು ಹೋಗಿ ಕೊಲ್ಲುತ್ತಾರೆ. ಮೇಲಿನ ಜಾತಿಯ ಒಂಟಿ ಹೆಣ್ಣು, ಕೆಳಗಿನ ಜಾತಿಯ ಗಂಡು, ಅವರ ಸುತ್ತ ಕಾವಲಿರುವ ಊರು. ಚದುರಂಗರು ಫಾಕ್ನರ್‌ನಿಂದ ಪಡೆದರು ಎಂದು ನಾನು ಹೇಳುತ್ತಿಲ್ಲ. ರಕ್ತ ಮತ್ತು ಮೈಲಿಗೆಯ ಲೆಕ್ಕ ಇಟ್ಟ ಸಮಾಜ ಎಲ್ಲಿದ್ದರೂ, ಅದನ್ನು ನೇರವಾಗಿ ನೋಡಿದ ಲೇಖಕ ಇಂಥದ್ದೇ ಕಥೆಗೆ ಬಂದು ಮುಟ್ಟುತ್ತಾನೆ ಎಂದು ನನ್ನ ಅನಿಸಿಕೆ. ವ್ಯತ್ಯಾಸವೂ ದೊಡ್ಡದಿದೆ. ಜೋ ಕ್ರಿಸ್ಮಸ್‌ಗೆ ಯಾವ ಕೇರಿಯೂ ಇಲ್ಲ, ಅವನು ಎಲ್ಲಿಗೂ ಸೇರದವನು. ಲಕ್ಕನಿಗೆ ಕೇರಿ ಇದೆ, ದೈವ ಇದೆ, ತನ್ನವರ ಮಾತಿದೆ. ಅವನ ಬದುಕು ರುಕ್ಮಿಣಿಯ ಕಥೆಗಾಗಿ ಮಾತ್ರ ಇರುವುದಲ್ಲ. ‘ವೈಶಾಖ’ದ ಬಲ ಇರುವುದೇ ಅಲ್ಲಿ.

ಇನ್ನು ಆ ಪುಸ್ತಕದ ಮಾತು. ಪದದ ಮೊದಲ ಹಕಾರ ಬಿದ್ದುಹೋಗುವ, ಹಟ್ಟಿ ಅಟ್ಟಿಯಾಗುವ, ‘ಕಣ್ಲಾ’, ‘ಒಸಿ’, ‘ಎಂಗೈತೆ’ ಎನ್ನುವ ನಮ್ಮ ಸೀಮೆಯ ಆಡುಮಾತು ನಿಮಗೆ ಅಜ್ಜಿಯ ಬಾಯಿಂದ ಬಂದದ್ದು. ಶಾಲೆಯಲ್ಲಿ ಅದನ್ನೇ ತಿದ್ದಿ ತಿದ್ದಿ ಬಿಡಿಸುತ್ತಾರೆ. ನಗಿಸಲು ಮಾತ್ರ ಅದನ್ನು ಬಳಸುವ ನಾಟಕ, ಸಿನಿಮಾಗಳು ಎಷ್ಟೋ ಇವೆ. ‘ವೈಶಾಖ’ದಲ್ಲಿ ಹಳ್ಳಿಯ ಜನ ತಮ್ಮ ದುಃಖವನ್ನು, ಆಸೆಯನ್ನು, ದೇವರ ಮೇಲಿನ ಜಗಳವನ್ನು ಈ ಮಾತಿನಲ್ಲೇ ಆಡುತ್ತಾರೆ. ಅದು ಎಲ್ಲ ಭಾರವನ್ನೂ ಹೊರುತ್ತದೆ. ರಾಯಲ್ ಸ್ಕೂಲಿನಲ್ಲಿ ಓದಿದವರಿಗೆ ಈ ಮಾತು ಎಲ್ಲಿಂದ ಬಂತು? ಕಿವಿಯಿಂದ ಬರಬೇಕು, ಬೇರೆ ದಾರಿಯಿಲ್ಲ. ಅಂಗಳದಾಚೆ ನಿಂತವರ ಮಾತನ್ನು ಬಾಲ್ಯದಲ್ಲಿ ಕೇಳಿಸಿಕೊಂಡ ಕಿವಿ, ದಶಕಗಳ ನಂತರ ಅದನ್ನು ಪುಟಕ್ಕೆ ತಂದಿತು.

ಈಗ ನಿಮ್ಮ ಕಷ್ಟದ ಪ್ರಶ್ನೆಗೆ ಬರೋಣ. ಅರಸು ಮನೆಯವರು ಕೇರಿಯನ್ನು ಬರೆದರೆ ನಂಬಬಹುದೇ? ಪೂರ್ತಿಯಾಗಿ ಒಪ್ಪಿಕೊಂಡು ನಂಬಬೇಡಿ, ಪ್ರಶ್ನೆ ಇಟ್ಟುಕೊಂಡೇ ಓದಿ. ಮೇಲುಜಾತಿಯ ಹೆಣ್ಣಿನ ಸಂಬಂಧದ ಮೂಲಕವೇ ದಲಿತ ಹುಡುಗನ ಕಥೆಯನ್ನು ನಮ್ಮ ಕಾದಂಬರಿಗಳು ಯಾಕೆ ಹೇಳಬೇಕು ಎಂದು ಕೇಳಿದರೆ, ಅದು ‘ವೈಶಾಖ’ಕ್ಕೂ ತಾಗುತ್ತದೆ. ಆ ಪ್ರಶ್ನೆಯಿಂದ ಚದುರಂಗರನ್ನು ಕಾಪಾಡಬೇಕು ಎಂದು ನನಗೆ ಅನಿಸಿಲ್ಲ. ಅದೇ ಹೊತ್ತಿನಲ್ಲಿ ನಂಜನಗೂಡು ಸೀಮೆಯಿಂದ ದೇವನೂರ ಮಹಾದೇವ ತಮ್ಮ ಕೇರಿಯ ಮಾತಿನಲ್ಲೇ ಬರೆಯುತ್ತಿದ್ದರು. ಅವರ ‘ಕುಸುಮಬಾಲೆ’ಗೆ 1990ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ‘ಕುಸುಮಬಾಲೆ’ಯಲ್ಲೂ ಮೇಲುಜಾತಿಯ ಹೆಣ್ಣು ಮತ್ತು ದಲಿತ ಹುಡುಗನ ಪ್ರೇಮವಿದೆ. ಆದರೆ ಅಲ್ಲಿ ಹೇಳುವವರು ಬೇರೆ, ನಿಂತ ಜಾಗ ಬೇರೆ. ಹಸಿವೂ ನಗುವೂ ಬೇರೆ ರೀತಿಯಲ್ಲಿ ಬರುತ್ತವೆ. ಎರಡನ್ನೂ ಓದಿದವರಿಗೆ ಮಾತ್ರ ಒಳಗಿನವರು ಕಂಡದ್ದೇನು, ಹೊರಗಿನಿಂದ ಬಂದು ನೋಡಲು ಕಲಿತವರು ಕಂಡದ್ದೇನು ಎಂದು ಗೊತ್ತಾಗುತ್ತದೆ.

ಹಾಗಿದ್ದರೂ ಚದುರಂಗರ ಮೇಲೆ ನನಗೆ ಇರುವ ಗೌರವ ಕಡಿಮೆಯಾಗುವುದಿಲ್ಲ. ಬಡವರ ಪರ ಕನಿಕರದಿಂದ ಬರೆಯುವುದು ಪ್ರಗತಿಶೀಲರಿಗೆ ಗೊತ್ತಿತ್ತು. ಕನಿಕರ ಪಡುವವನು ಮಾತಾಡುತ್ತಲೇ ಇರುತ್ತಾನೆ. ‘ವೈಶಾಖ’ದಲ್ಲಿ ಅವರು ತಮ್ಮ ಮಾತನ್ನು ಹಿಂದಕ್ಕೆ ಸರಿಸಿ ಊರಿಗೆ ಮಾತು ಬಿಟ್ಟುಕೊಟ್ಟರು. ಹುಟ್ಟಿನ ಮರ್ಯಾದೆ, ಓದಿನ ಭಾಷೆ, ಮೂವತ್ತು ವರ್ಷ ಜೊತೆಗಿದ್ದ ಚಳವಳಿಯ ಬರವಣಿಗೆ, ಒಂದೊಂದನ್ನೂ ಬಿಡುತ್ತ ಬಂದರು. ದೇವರಾಜ ಅರಸರು ಕಾನೂನಿನಲ್ಲಿ ಮಾಡಿದ್ದನ್ನು ಇವರು ವಾಕ್ಯದಲ್ಲಿ ಮಾಡಿದರು ಎಂದು ನಾನು ನಂಬಿದ್ದೇನೆ. ಎರಡೂ ಅರ್ಧಕ್ಕೆ ನಿಂತ ಕೆಲಸಗಳೇ. ಜಮೀನು ಸಿಗದ ಕೂಲಿಯವರು ಆಗಲೂ ಉಳಿದರು. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಜೇನುಕುರುಬರ ಹಾಡಿಗಳ ಬದುಕು ಕನ್ನಡದ ದೊಡ್ಡ ಕಾದಂಬರಿಯಾಗಿ ಬರುವುದು ಇನ್ನೂ ಬಾಕಿ ಇದೆ. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಬೆಂಕಿ ಕಾಯುವ ಪಿರಿಯಾಪಟ್ಟಣದ ರೈತನ ಬದುಕೂ ಅಷ್ಟೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದಿರಿ. ‘ಉಯ್ಯಾಲೆ’ಯಿಂದ ಶುರು ಮಾಡಿ. ಚಿಕ್ಕದು, ಹಿಡಿದರೆ ಬಿಡಿಸದು, ಚದುರಂಗರು ಮನಸ್ಸನ್ನು ಹೇಗೆ ನೋಡುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಆಮೇಲೆ ಒಂದು ಕಥಾಸಂಕಲನ, ಅದಾದ ಮೇಲೆ ‘ವೈಶಾಖ’. ಅದನ್ನು ಅವಸರದಲ್ಲಿ ಓದಬೇಡಿ. ಮೊದಲ ಕೆಲವು ಪುಟ ತಡೆದರೆ ಮನೆಯಲ್ಲಿ ಜೋರಾಗಿ ಓದಿ. ಓದುಬರಹ ಬಾರದ ಹಿರಿಯರಿದ್ದರೆ ಅವರ ಎದುರಿಗೇ ಓದಿ, ಯಾವ ಮಾತು ನಿಮ್ಮೂರಿನಲ್ಲೂ ಇದೆ, ಯಾವುದು ಇಲ್ಲ ಎಂದು ಅವರಿಂದಲೇ ಕೇಳಿ ಬರೆದುಕೊಳ್ಳಿ. ಕೆ.ಆರ್. ನಗರದ ಕಾವೇರಿ ಬಯಲಿನ ಮಾತಿಗೂ ಲಕ್ಷ್ಮಣತೀರ್ಥದ ದಂಡೆಯ ಮಾತಿಗೂ ಇರುವ ಸಣ್ಣ ವ್ಯತ್ಯಾಸ ನಿಮ್ಮ ಕಿವಿಗೆ ಬಿದ್ದೀತು, ಹೊರಗಿನ ಸಂಶೋಧಕರಿಗೆ ಬೀಳದು. ‘ಸರ್ವಮಂಗಳಾ’ವನ್ನು ‘ವೈಶಾಖ’ದ ನಂತರ ಓದಿದರೆ, ಅವರು ಎಲ್ಲಿಂದ ಹೊರಟು ಎಷ್ಟು ದೂರ ಬಂದರು ಎಂಬುದು ಇನ್ನೂ ಚೆನ್ನಾಗಿ ಕಾಣುತ್ತದೆ. 1994ರಲ್ಲಿ ಮಂಡ್ಯದಲ್ಲಿ ನಡೆದ 63ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆ ಭಾಷಣವನ್ನೂ ಗ್ರಂಥಾಲಯದಲ್ಲಿ ಕೇಳಿ ನೋಡಿ. ಎಂ.ಎ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ‘ಲೈಟ್ ಇನ್ ಆಗಸ್ಟ್’ ಮತ್ತು ‘ವೈಶಾಖ’ ಎರಡನ್ನೂ ಹಿಡಿಯಿರಿ, ಜೊತೆಗೆ ‘ಕುಸುಮಬಾಲೆ’ ಬೇಕೇ ಬೇಕು ಎಂದು ನಿಮ್ಮ ಮೇಷ್ಟ್ರಿಗೆ ಹೇಳಿ.